ಷಡ್ಡಕನ ಬೆವರು

ಷಡ್ಡಕನಿಗೆ ಬೆವರು ದಿನದಿನಕ್ಕೆ ಬೇಗ ಬರುತ್ತಿದೆ ಎನ್ನುವ ಸಂಗತಿ ಬೆಳಗಿನಿಂದ ಬಾಯ್ಲರ್ ನೋಡಿಕೊಳ್ಳುವವನ ತಲೆ ಕೊರೆಯುತ್ತಿತ್ತು. ಹೆಂಡತಿಯ ಅಕ್ಕನ ಗಂಡನಾದ ಆ ಮಹಾನುಭಾವ ಮೊದಲ ದಿನ ಆಸ್ಪತ್ರೆಯ ಲಾಂಡ್ರಿಯ ಈ ಒಣಗಿಸುವ ಕೋಣೆಗೆ ಕಾಲಿಟ್ಟಾಗ ಮುಖ ಕೆಂಪಗೆ ಕಾದಿತ್ತೇ ಹೊರತು ಹಣೆಯ ಮೇಲೆ ಒಂದು ಹನಿ ಇರಲಿಲ್ಲ. ನೇತುಹಾಕಿದ ಚಾದರಗಳ ಸಾಲಿನ ನಡುವೆ ಅತ್ತಿಂದಿತ್ತ ಓಡಿ, ಏದುಸಿರು ಬಿಟ್ಟು, ಕೊನೆಗೆ ಗೋಡೆ ಹಿಡಿದು ಕುಕ್ಕರಿಸಿದ ಮೇಲೆ ಎಷ್ಟೋ ಹೊತ್ತಿಗೆ ಬೆವರು ಒಡೆದಿತ್ತು. ಆಗ ನೀರಿನ ಲೋಟ ಚಾಚುತ್ತಾ ಅವನಿಗಾದ ಸಂತೋಷ ಯಾರ ಮುಂದೆಯೂ ಹೇಳಿಕೊಳ್ಳುವಂಥದ್ದಲ್ಲ. ಮರುದಿನ ಮಾತ್ರ ನಾಲ್ಕು ಸುತ್ತು ಹಾಕುವುದರೊಳಗೆ ಷಡ್ಡಕನ ಕುತ್ತಿಗೆ ಹೊಳೆಯತೊಡಗಿತು. ಅದರಾಚೆಯ ದಿನ ಬಾಗಿಲು ದಾಟುತ್ತಿದ್ದ ಹಾಗೇ ತೋಳಿನ ಮೇಲೆ ತೆಳ್ಳಗೆ ತೇವ ಕಾಣಿಸಿತು. ಹಾಲು ಉಕ್ಕುವುದನ್ನು ಕಾಯುವವರ ಹಾಗೆ ತಾನು ಇನ್ನೊಬ್ಬ ಗಂಡಸಿನ ಬೆವರನ್ನು ಕಾಯುತ್ತಾ ನಿಂತಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾಯಿತು ಎಂದು ನೋಡುವುದನ್ನೇನೂ ಬಿಡಲಿಲ್ಲ.

ಈಗ ಮಧ್ಯಾಹ್ನದ ಊಟದ ಹೊತ್ತು ಮುಗಿದಿತ್ತು. ಷಡ್ಡಕ ಬರುವುದಕ್ಕೆ ಇನ್ನೂ ಸಮಯವಿತ್ತು. ಕೊಳವೆಗಳಲ್ಲಿ ಹಬೆ ಟಿಕ್ ಟಿಕ್ ಎನ್ನುತ್ತಿತ್ತು. ಒದ್ದೆ ಬಟ್ಟೆಯ, ಸೋಪಿನ, ಸುಟ್ಟ ದಾರದ ವಾಸನೆ. ಬಾಯ್ಲರ್ ನೋಡಿಕೊಳ್ಳುವುದು, ಕೊಳವೆಗಳಿಗೆ ಹಬೆ ಬಿಡುವುದು, ಒಣಗಿದ ಚಾದರಗಳನ್ನು ಆಚೆ ಕೋಣೆಯ ಮಡಿಸುವ ಹೆಂಗಸರಿಗೆ ತಲುಪಿಸುವುದು ಅವನ ಕೆಲಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಸೆಕೆಗೆ ತಲೆ ತಿರುಗಿ ಬಿದ್ದಿದ್ದ. ಆಮೇಲಾಮೇಲೆ ಮೈ ಒಗ್ಗಿತು. ಎಷ್ಟು ಒಗ್ಗಿತೆಂದರೆ ಹೊರಗೆ ಹೋದರೆ ಈ ಗುಡ್ಡದ ಊರಿನ ಗಾಳಿಗೆ ಹಲ್ಲು ಕಟಕಟಿಸುವಂತಾಗಿ, ಎಲ್ಲರೂ ತೋಳಿಲ್ಲದ ಅಂಗಿ ತೊಟ್ಟ ದಿನಗಳಲ್ಲೂ ಸ್ವೆಟರ್ ಹಾಕಿಕೊಂಡು ಓಡಾಡಿ ನಗೆಪಾಟಲಾಗುತ್ತಿದ್ದ. ಮಾವನ ಮನೆಯಲ್ಲಿ ಆ ಸ್ವೆಟರ್ ಒಂದು ದೊಡ್ಡ ತಮಾಷೆ. ಅಲ್ಲಿ ತಮಾಷೆಗಳಿಗೆ ಬರವಿರಲಿಲ್ಲ. ಬಂದವರಿಗೆ ಅಳಿಯಂದಿರನ್ನು ಪರಿಚಯಿಸುವಾಗ ಮಾವ, "ಇವರು ದೊಡ್ಡಳಿಯಂದ್ರು, ಕನ್ನಡಕದ ಅಂಗಡಿ ಇವರದ್ದೇ. ಇವನು ಚಿಕ್ಕೋನು, ಆಸ್ಪತ್ರೇಲಿದಾನೆ," ಎನ್ನುತ್ತಿದ್ದರು. ಬಂದವರು ಅವನ ಕಡೆ ತಿರುಗಿ ಮರುಕದಿಂದ, "ಏನಾಗಿದೆ?" ಎಂದು ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ, ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು.

ಓಡುವ ಹುಚ್ಚು ಇಬ್ಬರಿಗೂ ಇತ್ತು. ಅವನಿಗೆ ಮೊದಲು ಹಿಡಿದದ್ದು. ಹೊಟ್ಟೆ ಬರುತ್ತಿದೆ ಎಂದು ಷಡ್ಡಕ ಜೊತೆಗೆ ಬರತೊಡಗಿ, ಒಂದೇ ವರ್ಷದಲ್ಲಿ ಅವನನ್ನು ಹಿಂದೆ ಹಾಕಿದ. ಉದ್ದ ಕಾಲು, ಒಳ್ಳೆ ಬೂಟು, ಬೆಳಿಗ್ಗೆ ತಡವಾಗಿ ಅಂಗಡಿ ತೆಗೆಯುವ ಅನುಕೂಲ. ಊರಿನ ಕೆರೆ ಸುತ್ತ ನಡೆಯುವ ಓಟದಲ್ಲಿ, ರಸ್ತೆ ಓಟದಲ್ಲಿ, ಎಲ್ಲದರಲ್ಲೂ ಷಡ್ಡಕನೇ ಮುಂದೆ. ಒಂದೇ ಒಂದು ಓಟ ಬಿಟ್ಟು. ವರ್ಷಕ್ಕೊಮ್ಮೆ ಗುಡ್ಡದ ಕೆಳಗೆ, ಬಯಲಿನ ಊರಲ್ಲಿ, ಬಿರುಬಿಸಿಲಿಗೆ ಕಾಲುವೆ ದಂಡೆಯ ಮೇಲೊಂದು ದೊಡ್ಡ ಓಟ. ಅಲ್ಲಿ ಮೇಲಿನಿಂದ ಹೋದ ಓಟಗಾರರೆಲ್ಲ ಅರ್ಧ ದಾರಿಗೆ ಬಾಡಿದ ಸೊಪ್ಪಾಗುತ್ತಿದ್ದರು. ಅವನಿಗೆ ಆ ಬಿಸಿಲು ತನ್ನ ಕೋಣೆಯದೇ ಒಂದು ತುಂಡು. ಹೋದ ವರ್ಷ ಷಡ್ಡಕ ಮರದ ನೆರಳಲ್ಲಿ ತಲೆಗೆ ನೀರು ಸುರಿದುಕೊಳ್ಳುತ್ತಾ ಕೂತಿದ್ದಾಗ ಅವನು ಪಕ್ಕದಿಂದಲೇ ಓಡಿ ದಾಟಿದ್ದ. "ಆಯ್ತಾ ಅಣ್ಣ?" ಎಂದು ಕೇಳಿಯೂ ಇದ್ದ. ವಾಪಸ್ಸು ಬಂದಮೇಲೆ ಹೆಂಡತಿ ಆ ಕತೆಯನ್ನು ತವರಿನಲ್ಲಿ ಹೇಳಿದ್ದು, ಹೇಳುವಾಗ ಅವಳ ಕೈ ಅವನ ಭುಜದ ಮೇಲಿದ್ದದ್ದು, ಕೇಳುತ್ತಾ ಮಾವ ಮೊದಲ ಸಲ ಅವನನ್ನು ಸರಿಯಾಗಿ ನೋಡಿದ್ದು! ಆ ಒಂದು ಸಂಜೆಯನ್ನು ಅವನು ಇಡೀ ವರ್ಷ ಎತ್ತಿಟ್ಟುಕೊಂಡು ಬಳಸುತ್ತಿದ್ದ. ಓಟ ಮುಗಿದ ಮೇಲೆ ಬೆಂಚಿನ ಮೇಲೆ ಇಬ್ಬರ ಕರಿ ಷರ್ಟುಗಳೂ ಒಣಗುತ್ತಿದ್ದವು. ಕ್ಲಬ್ಬಿನವರು ಕೊಟ್ಟ ಒಂದೇ ಥರದ ಷರ್ಟುಗಳು. ಷಡ್ಡಕನದರ ಬೆನ್ನ ಮೇಲೆ ಉಪ್ಪು ಬೆಳ್ಳಗೆ ಗೆರೆಗಟ್ಟಿತ್ತು, ಅವನದು ಕರ್ರಗೆ ಹಾಗೇ ಇತ್ತು. "ಸೆಕೆಗೆ ಪಳಗಿದ ಮೈ ಉಪ್ಪು ಚೆಲ್ಲಲ್ಲ ಅಣ್ಣ," ಎಂದು ಅವನು ಅವತ್ತು ದೊಡ್ಡ ಮನಸ್ಸಿನಿಂದ ವಿವರಿಸಿದ್ದ. ಯಾಕಾದರೂ ಹೇಳಿದೆನೋ ಎಂದು ಈಗ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಯಾಕೆಂದರೆ ಷಡ್ಡಕ ಅದನ್ನು ಮರೆತಿರಲಿಲ್ಲ. ಈ ವರ್ಷದ ಓಟ ಹತ್ತಿರವಾದಾಗ ಮಾವನ ಮನೆಯ ಊಟದ ಮೇಜಿನ ಮುಂದೆ ಫೋನು ತೆಗೆದು ಎಲ್ಲರಿಗೂ ಓದಿ ಹೇಳಿದ. "ಒಂದೇ ವಾರ ಸಾಕಂತೆ. ದಿನಾ ಒಂದು ಗಂಟೆ ಬಿಸೀಲಿ ಓಡಿ ಮೈ ಕಾಯಿಸಬೇಕು. ರಕ್ತದಲ್ಲಿ ನೀರು ಹೆಚ್ಚುತ್ತಂತೆ, ಎದೆಬಡಿತ ಇಳಿಯುತ್ತಂತೆ, ಬೆವರು ಬೇಗ ಬರುತ್ತಂತೆ, ಅದರಲ್ಲಿ ಉಪ್ಪೂ ಕಮ್ಮಿ. ನೀನು ಹೇಳಿದ್ದು ಸರಿಯಪ್ಪ!" ಒಂದೇ ವಾರ ಎಂಬ ಮಾತು ಅವನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಅವನು ವರ್ಷಗಟ್ಟಲೆ ಬೆಂದು ಪಡೆದದ್ದನ್ನು, ಏಸಿ ಹಾಕಿದ ಅಂಗಡಿಯಲ್ಲಿ ಗಿರಾಕಿಗಳ ಮೂಗಿನ ಮೇಲೆ ಕನ್ನಡಕ ಕೂರಿಸುವವನು ಒಂದು ವಾರದಲ್ಲಿ ತೆಗೆದುಕೊಂಡು ಹೋಗಬಹುದು. ಬಿಸಿ ಕೋಣೆ ಎಲ್ಲಿ ಹುಡುಕುವುದು ಎಂದು ಷಡ್ಡಕ ತಲೆ ಕೆರೆದುಕೊಳ್ಳುವಷ್ಟರಲ್ಲಿ ಇವನ ಹೆಂಡತಿಯೇ, ಇವನ ಕಡೆ ತಿರುಗಿಯೂ ನೋಡದೆ, "ಇವರ ಕೋಣೆ ಇದೆಯಲ್ಲ ಭಾವ," ಎಂದಳು. ಅವನು ಅನ್ನದ ತಟ್ಟೆಯನ್ನು ನೋಡುತ್ತಾ, "ಅದಕ್ಕೇನು, ಧಾರಾಳವಾಗಿ ಬನ್ನಿ," ಎಂದ. ಇಲ್ಲ ಎನ್ನಲು ಒಂದು ಕಾರಣವೂ ಹೊಳೆಯಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ ಹತ್ತು ಕಾರಣ ಹೊಳೆದವು.

ಅವನ ಕಣ್ಣು ಮತ್ತೆ ಮೇಲೆ ಹೋಯಿತು. ಹಿಂದಿನ ಗೋಡೆಯಲ್ಲಿ, ಸೂರಿನ ಹತ್ತಿರ, ಅಗಲವಾದೊಂದು ಗವಾಕ್ಷಿ. ಅದರಿಂದ ಕಬ್ಬಿಣದ ಸರಪಳಿ ಇಳಿಬಿದ್ದಿತ್ತು. ಅವನು ಸೇರಿದಾಗಿನಿಂದ ಅದನ್ನು ಯಾರೂ ಎಳೆದಿರಲಿಲ್ಲ. ಷಡ್ಡಕನ ತೋಳಿನ ಮೇಲೆ ತೇವ ಕಂಡ ದಿನದ ಮರುಬೆಳಿಗ್ಗೆ, ಯಾರೂ ಬರುವ ಮೊದಲೇ ಬಂದು, ಅವನು ಅದನ್ನು ಎಳೆದಿದ್ದ. ತುಕ್ಕು ಕಿರುಗುಟ್ಟಿ, ಧೂಳು ಉದುರಿ, ಗವಾಕ್ಷಿ ಬಾಯಿ ತೆರೆದಾಗ ಗುಡ್ಡದ ಗಾಳಿ ನೇರವಾಗಿ ಅವನ ಮುಖದ ಮೇಲೆ ಬಿದ್ದಿತ್ತು. ಬಾಗಿಲ ಪಕ್ಕದ ಉಷ್ಣಮಾಪಕ ಹಬೆಯ ಕೊಳವೆಗೆ ಆತುಕೊಂಡೇ ಇದ್ದುದರಿಂದ ಅದರ ಮುಳ್ಳು ಅಲುಗಲಿಲ್ಲ. ಷಡ್ಡಕ ನೋಡುವುದು ಆ ಮುಳ್ಳನ್ನೇ. ಸದ್ದಾಗುತ್ತದೆಂದು ಮತ್ತೆ ಮತ್ತೆ ಮುಚ್ಚಿ ತೆರೆಯುವ ಹಾಗಿರಲಿಲ್ಲ, ಆದ್ದರಿಂದ ಬೆಳಿಗ್ಗೆ ಎಳೆದರೆ ರಾತ್ರಿ ಮುಚ್ಚುವವರೆಗೆ ಹಗಲೆಲ್ಲ ತೆರೆದೇ ಇರಲಿ ಎಂದುಕೊಂಡ. ಚಾದರಗಳ ಹಿಂದೆ ಅದು ಸುಲಭಕ್ಕೆ ಕಾಣುತ್ತಲೂ ಇರಲಿಲ್ಲ. ತಾನು ಯಾರಿಗೂ ವಿಷ ಹಾಕುತ್ತಿಲ್ಲ, ಸ್ವಲ್ಪ ಗಾಳಿ ಬಿಡುತ್ತಿದ್ದೇನೆ ಅಷ್ಟೆ ಎಂದು ಸಮಾಧಾನ ಹೇಳಿಕೊಂಡ. ಗಾಳಿ ಬಿಡುವುದು ಎಂಥ ಅಪರಾಧ? ಕೈಯಲ್ಲಿ ತುಕ್ಕಿನ ವಾಸನೆ ಸಂಜೆಯವರೆಗೂ ಹೋಗಲಿಲ್ಲ.

ಅವನು ಎಣಿಸದೇ ಇದ್ದದ್ದು ಹೆಂಗಸರನ್ನು. ಮಡಿಸುವವರಲ್ಲಿ ಹಿರಿಯಳು, ಎಲ್ಲರೂ ಚಾದರದಕ್ಕ ಎಂದು ಕರೆಯುವವಳು, ಅವತ್ತೇ ಒಳಗೆ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋಗಿ ಒರೆಸುವುದಕ್ಕೆ ಏನೂ ಇಲ್ಲದೆ ಕೈ ಇಳಿಸಿದಳು. ಮೇಲೆ ನೋಡಿದಳು. "ಬಾಯ್ಲರಣ್ಣ, ಅದು ತೆಗೆಯೋಕೆ ಬರುತ್ತಾ?" ಎಂದಳು. ಬರುತ್ತದೆ ಎಂದ. "ಇಷ್ಟು ವರ್ಷ ಬೆಂದು ಸತ್ವಲ್ಲಪ್ಪ, ಮೊದಲೇ ಯಾಕೆ ತೆಗೀಲಿಲ್ಲ?" ಎಂದಳು. ಆಕೆ ಕೇಳಿದ್ದು ದೂರುವುದಕ್ಕಲ್ಲ, ಸುಮ್ಮನೆ ಆಶ್ಚರ್ಯಕ್ಕೆ. ಅವನು ಮಾತ್ರ ಒಣಗದ ಚಾದರವೊಂದನ್ನು ಒಣಗಿದೆಯೆಂದು ಮಡಿಸಲು ಕೊಟ್ಟುಬಿಟ್ಟ. ಆ ಸರಪಳಿ ದಿನವೂ ಅವನ ಕಣ್ಣ ಮುಂದೆಯೇ ಇತ್ತು. ಆಕೆಯ ಕುತ್ತಿಗೆಯ ಬೆವರುಗುಳ್ಳೆಗಳೂ ಇದ್ದವು. ಎಳೆಯಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲವೇ, ಅಥವಾ ಅನ್ನಿಸಿ, ಸೆಕೆ ಕಡಿಮೆಯಾದರೆ ತನ್ನ ಗತಿಯೇನೆಂದು ಬಿಟ್ಟಿದ್ದನೇ? ಯೋಚಿಸಿದರೆ ಎರಡನೆಯದೇ ನಿಜವೆಂದು ತೋರಿ, ಯೋಚಿಸುವುದನ್ನು ಅಲ್ಲಿಗೇ ಬಿಟ್ಟ. ಅಂದಿನಿಂದ ಹೆಂಗಸರು ತಮ್ಮ ಚಹಾದಲ್ಲಿ ಅವನಿಗೊಂದು ಲೋಟ ಎತ್ತಿಡತೊಡಗಿದರು. ನಿನ್ನೆ ವಾರ್ಡಿನಿಂದ, ಚಾದರ ಹಸಿ ಇದೆ, ರೋಗಿಯ ಬೆನ್ನು ನಡುಗುತ್ತಿದೆ ಎಂದು ಒಂದು ಕಟ್ಟು ವಾಪಸ್ಸು ಬಂದಾಗ, ಮೇಲಿನವರ ಮುಂದೆ ಚಾದರದಕ್ಕನೇ, "ನನ್ನ ತಪ್ಪು, ನೋಡದೆ ಮಡಿಸಿದೆ," ಎಂದು ಬೈಸಿಕೊಂಡಳು. ಅವನು ಪಕ್ಕದಲ್ಲೇ ನಿಂತಿದ್ದ.

"ಏನ್ ಷಡ್ಡಕ್ರೇ, ಕುಲುಮೆ ಸಿದ್ಧವಾ?" ಎಂದು ಬಾಗಿಲಲ್ಲಿ ದನಿ ಕೇಳಿತು. ಷಡ್ಡಕ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದಿದ್ದ. ಮೊದಲು ಮಡಿಸುವ ಹೆಂಗಸರ ಬಳಿ ನಿಂತು, ಒಬ್ಬಳ ಕನ್ನಡಕದ ಕಡ್ಡಿ ಸಡಿಲವಾಗಿದ್ದನ್ನು ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಬಿಗಿ ಮಾಡಿಕೊಟ್ಟ. ಒಳಗೆ ನಗು ಹಬ್ಬಿತು. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದ ತಾನು ಈ ಹೆಂಗಸರನ್ನು ಒಮ್ಮೆಯಾದರೂ ಹೀಗೆ ನಗಿಸಿದ್ದೇನೆಯೇ ಎಂದು ಅವನು ಲೆಕ್ಕ ಹಾಕುತ್ತಾ ನಿಂತ. ಷಡ್ಡಕ ಉಷ್ಣಮಾಪಕ ನೋಡಿ, ಮೆಚ್ಚಿ, ಓಡತೊಡಗಿದ. ಚಾದರಗಳ ನಡುವೆ ಒಮ್ಮೆ ಮಾಯವಾಗುವುದು, ಇನ್ನೊಮ್ಮೆ ಕಾಣಿಸುವುದು. ಗವಾಕ್ಷಿಯ ಕೆಳಗೆ ಬಂದಾಗಲೆಲ್ಲ ಷಡ್ಡಕನ ಕೂದಲು ಒಂದಿಷ್ಟು ಹಾರುತ್ತಿತ್ತು. ಈಗ ಮೇಲೆ ನೋಡಿದರೆ? ನೋಡಲಿಲ್ಲ. ಬೆವರು ಬಂತು. ಬರಲು ನಿನ್ನೆಗಿಂತ ತಡವಾಯಿತು ಎಂದು ಅವನಿಗೆ ಖಾತ್ರಿಯಾಯಿತು, ಆಮೇಲೆ ಹಾಗೇನೂ ಇಲ್ಲವೇನೋ ಎನಿಸಿತು.

ಓಟ ಮುಗಿಸಿ ಷಡ್ಡಕ ಕುತ್ತಿಗೆಗೆ ಬೆರಳೊತ್ತಿ ಕಣ್ಣು ಮುಚ್ಚಿ ನಾಡಿ ಎಣಿಸಿದ. "ಇಳೀತಾ ಇದೆ ಕಣೋ," ಎಂದ. ದನಿಯಲ್ಲಿ ಮಗುವಿಗಿರುವಂಥ ಹಿಗ್ಗು. "ನಿನ್ನ ಪುಣ್ಯ. ನಿನಗಾದ್ರೆ ಇದೆಲ್ಲ ಬೇಕಾಗೇ ಇಲ್ಲ, ದಿನಾ ಇಲ್ಲೇ ಇರ್ತೀಯ."

"ಹೌದು, ನಂಗೇನು," ಎಂದ ಅವನು.

"ಒಂದೇ ತೊಂದ್ರೆ ಅಂದ್ರೆ, ಬಿಟ್ರೆ ಹೋಗಿಬಿಡುತ್ತಂತೆ. ಎರಡು ಮೂರು ವಾರ ತಂಪಲ್ಲಿ ಕೂತ್ರೆ ಎಲ್ಲ ನೀರಲ್ಲಿ ಹೋಮ. ಅದಕ್ಕೇ ಮನೇಲೂ ಸಂಜೆ ಬಿಸಿನೀರಿನ ತೊಟ್ಟೀಲಿ ಕುತ್ಕೋತೀನಿ. ನಿಮ್ಮಕ್ಕ ಬೈತಾಳೆ, ಗ್ಯಾಸೆಲ್ಲ ನಿಮ್ಮ ಸ್ನಾನಕ್ಕೇ ಆಯ್ತು ಅಂತ."

ಬಿಸಿನೀರಿನ ತೊಟ್ಟಿಯ ಮಾತು ಕೇಳಿ ಅವನ ಮುಖ ಸಪ್ಪಗಾಯಿತು. ಅಲ್ಲಿಗೆ ಯಾವ ಸರಪಳಿಯೂ ಎಟುಕುತ್ತಿರಲಿಲ್ಲ. ಅಕ್ಕ ನೀರು ಕಾಯಿಸಿ ಸುರಿಯುವುದು, ಹಬೆಯಲ್ಲಿ ಷಡ್ಡಕ ಗಂಟಲವರೆಗೆ ಮುಳುಗಿ ಕೂತಿರುವುದು ಕಣ್ಣಿಗೆ ಕಟ್ಟಿತು. ಬಿಟ್ಟರೆ ಹೋಗುತ್ತದೆ ಎಂಬ ಮಾತು ಮಾತ್ರ ಅವನ ಕಿವಿಯ ಪಕ್ಕದಿಂದಲೇ ಹಾದುಹೋಯಿತು.

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಎರಡನೇ ಸಲ ಬಡಿಸುತ್ತಾ, "ಈಚೆಗೆ ನಿಮಗೆ ಹಸಿವು ಚೆನ್ನಾಗಾಗ್ತಿದೆ," ಎಂದಳು. ಹೌದಲ್ಲ ಎಂದುಕೊಂಡ. ಸ್ವೆಟರ್ ಹಾಕಿಕೊಳ್ಳದೆ ಕೂತಿದ್ದುದೂ ಆಗಲೇ ಗಮನಕ್ಕೆ ಬಂತು. ಅವಳು ಅವನ ಕೈ ಹಿಡಿದು ತಿರುಗಿಸಿ ಅಂಗೈಯ ಕಂದು ಗೆರೆ ನೋಡಿ, "ಇದೇನ್ರೀ?" ಎಂದಳು. ಪೈಪಿನ ತುಕ್ಕು ಎಂದ. ಅವಳು ಕೈ ಬಿಡದೆ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. "ಭಾವ ನಿಮ್ಮನ್ನ ಎಷ್ಟು ಹೊಗಳ್ತಾರೆ ಗೊತ್ತಾ?" ಎಂದಳು. ಭಾವ ಹೆಣ್ಣು ನೋಡಲು ಬಂದಾಗ ಮೊದಲು ಮೆಚ್ಚಿದ್ದು ಅಕ್ಕನನ್ನೋ ಇವಳನ್ನೋ, ತನಗೆ ಇವಳನ್ನು ಕೊಟ್ಟದ್ದು ಯಾವ ಅವಸರದಲ್ಲಿ ಎಂಬ ಹಳೇ ಅನುಮಾನಗಳೆಲ್ಲ ಒಂದರ ಹಿಂದೊಂದು ಎದ್ದು ಬಂದು ತಟ್ಟೆಯ ಸುತ್ತ ಕೂತವು. ಅವಳು ಹಾಗೆ ಏನೂ ಹೇಳಿರಲಿಲ್ಲ. ಅವನು ಮಜ್ಜಿಗೆ ಬೇಡವೆಂದು ಎದ್ದ.

ಷಡ್ಡಕನ ವಾರ ಮುಗಿಯಿತು. ಆಮೇಲೂ ಓಟದವರೆಗೆ ಎರಡು ವಾರ ದಿನ ಬಿಟ್ಟು ದಿನ ಬಂದು ಓಡಿ ಹೋದ. ಷಡ್ಡಕ ಬಾರದ ದಿನ ಅವನು ಗವಾಕ್ಷಿ ಮುಚ್ಚಬೇಕೆಂದು ಸರಪಳಿಗೆ ಕೈ ಹಾಕಿದಾಗ ಚಾದರದಕ್ಕ, "ಅಯ್ಯೋ, ಇರಲಿ ಬಿಡಪ್ಪ, ಪುಣ್ಯ ಬರುತ್ತೆ," ಎಂದಳು. ಕೈ ತೆಗೆದ. ನಿಜ ಹೇಳಬೇಕೆಂದರೆ ಅವನಿಗೂ ಅದು ಹಿತವಾಗತೊಡಗಿತ್ತು. ಬಿಡುವಾದಾಗ ಅದರ ಕೆಳಗೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ.

ಓಟದ ದಿನ ಎಲ್ಲರೂ ಒಂದೇ ವ್ಯಾನಿನಲ್ಲಿ ಗುಡ್ಡ ಇಳಿದರು. ಮಾವ ಮುಂದಿನ ಸೀಟಿನಲ್ಲಿ, ಅಕ್ಕ ತಂಗಿ ನಡುವೆ, ಅಳಿಯಂದಿರಿಬ್ಬರೂ ಹಿಂದೆ ಮೊಣಕಾಲು ಮಡಚಿಕೊಂಡು. ಅರ್ಧ ದಾರಿಯಲ್ಲಿ ಷಡ್ಡಕ ಇದ್ದಕ್ಕಿದ್ದಂತೆ, "ಮಾವ, ನಿಮ್ಮ ಚಿಕ್ಕಳಿಯ ಬಾಯಿ ಬಿಡಲ್ಲ, ನಾನೇ ಹೇಳ್ತೀನಿ ಕೇಳಿ," ಎಂದ. "ಮೂರನೇ ದಿನ ಆ ಕೋಣೇಲಿ ನನಗೆ ಕಣ್ಣು ಕತ್ತಲೆ ಬಂತು. ಹೇಳಿದ್ರೆ ಮರ್ಯಾದೆ ಹೋಗುತ್ತಲ್ಲ, ಸುಮ್ಮನಿದ್ದೆ. ಮಾರನೇ ದಿನ ಹೋಗಿ ನೋಡಿದ್ರೆ ಮೇಲೆ ಗವಾಕ್ಷಿ ತೆಗೆದಿದೆ. ಇವನು ಗಮನಿಸಿ, ನನಗೆ ನಾಚಿಕೆ ಆಗದ ಹಾಗೆ ತೆಗೆದಿಟ್ಟಿದ್ದಾನೆ. ಅದಿಲ್ಲದಿದ್ರೆ ನಾನು ನಾಲ್ಕನೇ ದಿನಕ್ಕೇ ಬಿಟ್ಟು ಬಿಡ್ತಿದ್ದೆ." ಮಾವ ಹಿಂದಕ್ಕೆ ಹೊರಳಿ ಅವನನ್ನು ನೋಡಿದರು. ಅವನು ಒಂದು ವರ್ಷದಿಂದ ಕಾಯುತ್ತಿದ್ದ ನೋಟ ಅದು, ಈಗ ಮೈಮೇಲೆ ಬಿಸಿನೀರು ಬಿದ್ದಂತಾಯಿತು. ಅಕ್ಕನ ಕಣ್ಣಲ್ಲಿ ನೀರಾಡಿತು. ಹೆಂಡತಿ ತಿರುಗಲಿಲ್ಲ. ಅವಳ ಕುತ್ತಿಗೆಯ ಹಿಂಭಾಗ ಮಾತ್ರ ಅವನಿಗೆ ಕಾಣುತ್ತಿತ್ತು. ಅವನು ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡ. "ಅದೇನು ಮಹಾ," ಎಂದ.

ಓಟ ಶುರುವಾದಾಗ ಆ ಮಾತಿನಿಂದ ತಪ್ಪಿಸಿಕೊಳ್ಳಲೆಂಬಂತೆ ಅವನು ಮುನ್ನುಗ್ಗಿದ. ಕಾಲುವೆ ದಂಡೆಯ ಬಿಳಿ ಮಣ್ಣು, ಮೇಲಿನ ಬಿಸಿಲು, ಎಲ್ಲ ಪರಿಚಿತವೇ. ಇಲ್ಲಿ ನಾನು ಮನೆಗೆ ಬಂದ ಹಾಗೆ ಎಂದುಕೊಂಡ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮನೆಯಲ್ಲಿ ಏನೋ ಬದಲಾಗಿತ್ತು. ಕಿವಿಯೊಳಗೆ ನಾಡಿ ಬಡಿಯತೊಡಗಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು. ಬೆವರು ತಡವಾಗಿ ಬಂತು, ಬಂದದ್ದು ಕಣ್ಣಿಗಿಳಿದು ಉರಿಯಿತು. ಉರಿಯುತ್ತಿದೆಯಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ವರ್ಷಗಳಿಂದ ಅವನ ಬೆವರು ಕಣ್ಣು ಉರಿಸಿರಲಿಲ್ಲ. ಆಗ ಸ್ಟೂಲು ನೆನಪಾಯಿತು, ಗವಾಕ್ಷಿಯ ಕೆಳಗಿನದು. ಷಡ್ಡಕ ದಿನಕ್ಕೆ ಒಂದು ಗಂಟೆ ಆ ಗಾಳಿಯಲ್ಲಿ ಓಡಿ ಹೋಗಿ ಬಿಸಿನೀರಿನಲ್ಲಿ ಕೂತಿದ್ದ. ಇವನು ಬೆಳಗಿನಿಂದ ಸಂಜೆಯವರೆಗೆ, ಅದೆಷ್ಟೋ ದಿನ, ಆ ಗಾಳಿಗೇ ಮೈಯೊಡ್ಡಿ ನಿಂತಿದ್ದ. ಬಿಟ್ಟರೆ ಹೋಗಿಬಿಡುತ್ತಂತೆ ಎಂಬ ಮಾತು ಅಷ್ಟು ದಿನದ ಮೇಲೆ ಈಗ ಬಂದು ಕಿವಿಗೆ ಬಿತ್ತು. ನಗು ಬಂದ ಹಾಗಾಯಿತು, ಬಂದದ್ದು ವಾಂತಿ. ಮರದ ಬುಡದಲ್ಲಿ ಕೂತ. ಹೋದ ವರ್ಷದ್ದೇ ಮರವಿರಬೇಕು. ಹೆಜ್ಜೆ ಸದ್ದು ಹತ್ತಿರವಾಯಿತು. ಷಡ್ಡಕ ಮೈಯೆಲ್ಲ ಹೊಳೆಯುತ್ತಾ, ಸರಾಗವಾಗಿ ಉಸಿರಾಡುತ್ತಾ ಬಂದವನು ನಿಂತುಬಿಟ್ಟ. ತನ್ನ ಬಾಟಲಿಯ ನೀರನ್ನು ಅವನ ತಲೆಗೆ ಸುರಿದ. "ಹೋಗಿ ಅಣ್ಣ, ಹೋಗಿ," ಎಂದು ಅವನು ಗೋಗರೆದ. ಷಡ್ಡಕ ಹೋಗಲಿಲ್ಲ. ಅವನ ತೋಳನ್ನು ಹೆಗಲ ಮೇಲೆ ಹಾಕಿಕೊಂಡು, ಹಿಂದಿದ್ದವರೆಲ್ಲ ದಾಟಿ ಹೋಗುತ್ತಿರಲು, ನೀರಿನ ಪಂಡಾಲಿನವರೆಗೆ ನಡೆಸಿಕೊಂಡು ಹೋಗಿ ಬಿಟ್ಟು, ಆಮೇಲೆ ಓಡಿದ. ಅಷ್ಟಾದರೂ ಷಡ್ಡಕ ತನ್ನ ಹೋದ ವರ್ಷದ್ದಕ್ಕಿಂತ ಎಷ್ಟೋ ಬೇಗ ಮುಗಿಸಿದ ಎಂದು ಆಮೇಲೆ ತಿಳಿಯಿತು. ಅವನಿಗೆ ಅದರಲ್ಲಿ ನೋವಾದದ್ದು ಬೇಗ ಮುಗಿಸಿದ್ದಲ್ಲ. ಹೋದ ವರ್ಷ ಇದೇ ನೆರಳಿನ ಪಕ್ಕದಲ್ಲಿ ತಾನು ನಿಂತಿರಲಿಲ್ಲ, ಅದು.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ವ್ಯಾನಿನ ಬಳಿ ಸೇರಿದ್ದರು. ಪಂಡಾಲಿನಿಂದ ಆಸ್ಪತ್ರೆಗೆ ಒಯ್ದು ಅವನ ಕೈಗೆ ಚುಚ್ಚಿಸಿದ್ದ ಡ್ರಿಪ್ಪಿನ ಜಾಗಕ್ಕೆ ಹತ್ತಿ ಒತ್ತಿದ್ದರು. ಮಾವ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಾ, "ಏನಿಲ್ಲ, ನಮ್ಮ ಚಿಕ್ಕೋನು ಆಸ್ಪತ್ರೇಲಿದ್ದ," ಎಂದು, ಹೇಳಿದ್ದನ್ನು ತಾವೇ ಕೇಳಿ ತಡೆದುಕೊಂಡರು. ಯಾರೂ ನಗಲಿಲ್ಲ. ಒಣಗಲೆಂದು ಬೆಂಚಿನ ಬೆನ್ನಿಗೆ ಹಾಕಿದ್ದ ಕರಿ ಷರ್ಟುಗಳೆರಡೂ ಒಣಗಿದ್ದವು. ಒಂದರ ಬೆನ್ನಿನ ತುಂಬ ಉಪ್ಪು ದಪ್ಪಗೆ ಬೆಳ್ಳಗೆ ಹರಡಿತ್ತು. ಇನ್ನೊಂದು ಕರ್ರಗಿತ್ತು. ಮೈಗೆ ಚಳಿಯಾಗುತ್ತಿತ್ತು, ಅವನು ಎದ್ದು ಹೋಗಿ, ಏನೂ ಯೋಚಿಸದೆ, ಪ್ರತಿ ವರ್ಷದ ಹಾಗೆ, ಕರಿಯದನ್ನು ಎತ್ತಿ ತಲೆಯ ಮೇಲಿಂದ ಹಾಕಿಕೊಂಡ. ತೋಳುಗಳು ಮೊಣಕೈ ದಾಟಿ ಇಳಿದವು. ಅಂಚು ತೊಡೆ ಮುಟ್ಟಿತು.

"ಅದು ನನ್ನದು ಕಣೋ," ಎಂದ ಷಡ್ಡಕ, ತುಂಬ ಮೆಲ್ಲಗೆ. "ಇರಲಿ ಬಿಡು, ಹಾಕ್ಕೋ, ಚಳಿ ಇದೆ."

ಅವನು ಕುತ್ತಿಗೆಯ ಹತ್ತಿರ ಕೈಯಿಟ್ಟುಕೊಂಡು ನಿಂತ. ಹೆಂಡತಿ ಬೆಂಚಿನ ಮೇಲಿದ್ದ ಇನ್ನೊಂದು ಷರ್ಟನ್ನು ಎತ್ತಿಕೊಂಡಳು. ಉಪ್ಪು ಉದುರದ ಹಾಗೆ ಎರಡು ಕೈಯಲ್ಲಿ ಹಿಡಿದು ಅವನ ಮುಂದೆ ಬಂದಳು. ಅವನ ಮುಖ ನೋಡಲಿಲ್ಲ, ಪೈಪಿನ ತುಕ್ಕು ಎಂದು ಅವನು ಹೇಳಿದ್ದ ಅಂಗೈ ನೋಡಿದಳು. "ಅದು ಬಿಚ್ಚಿ ಕೊಡಿ," ಎಂದಳು. "ನಿಮ್ಮದು ಹಾಕ್ಕೊಳಿ."

ಬಿಚ್ಚಿ ಕೊಟ್ಟ. ತನ್ನದನ್ನು ಹಾಕಿಕೊಂಡ. ಗುಡ್ಡ ಹತ್ತಿ ಮನೆ ಸೇರುವವರೆಗೂ ಅದು ಬೆನ್ನಿಗೆ ಚುಚ್ಚುತ್ತಲೇ ಇತ್ತು.